ಅರ್ತ್ ನೋಡದೆ ಇಸಿಎಂ ಹೋಯ್ತು ಅಂತಾರೆ
ಸಕಲೇಶಪುರದಿಂದ ಕಾಫಿ ಮೂಟೆ ಹೇರಿಕೊಂಡು ಬಂದ ನಮ್ಮ ಹಳೇ ಲಾರಿ ಹಾಸನದ ಹತ್ತಿರ ನಿಂತುಬಿಟ್ಟಿತು. ಸ್ಟಾರ್ಟರ್ ತಿರುಗುತ್ತೆ, ಇಂಜಿನ್ ಹಿಡಿಯಲ್ಲ. ಗ್ಯಾರೇಜಿನಲ್ಲಿ ದೋಷ ಓದುವ ಸ್ಕ್ಯಾನರ್ ಸಿಕ್ಕಿಸಿದರು, ಕನೆಕ್ಟ್ ಆಗಲಿಲ್ಲ. ಅಷ್ಟಕ್ಕೇ 'ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, ಬದಲಾಯಿಸಿ' ಅಂದುಬಿಟ್ಟರು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಕೈಗೇ ತೆಗೆದುಕೊಳ್ಳಲಿಲ್ಲ! ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಇಸಿಎಂ ತರಿಸಿದೆ. ನಮ್ಮ ಲಾರಿಯ ಡೇಟಾ ತುಂಬಿಸದೆ ಅದು ಕೆಲಸ ಮಾಡಲ್ಲ ಅಂತ ಆಮೇಲೆ ಹೇಳಿದರು. ತುಂಬಿಸಿದ ಮೇಲೂ ಅದೇ ಕಥೆ.

ಕೊನೆಗೆ ಎಲೆಕ್ಟ್ರಿಷಿಯನ್ ಅಣ್ಣ ಒಬ್ಬರು ಚಾಸಿಯ ಅರ್ತ್ ವೈರ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಬಿಚ್ಚಿ ತೋರಿಸಿದರು. ಮಲೆನಾಡಿನ ಮಳೆಗೆ ತುದಿಯೆಲ್ಲ ಹಸಿರು ಕಿಲುಬು, ಬೋಲ್ಟಿನ ಕೆಳಗೆ ತುಕ್ಕು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದರು. ಇಂಜಿನ್ ಹಿಡಿಯಿತು.

ಇಸಿಎಂಗೆ 24 ವೋಲ್ಟ್ ಬರ್ತಿದೆಯಾ, ಅರ್ತ್ ಸರಿ ಇದೆಯಾ, ಇಷ್ಟನ್ನಾದರೂ ಮೊದಲು ನೋಡಬೇಕಿತ್ತು ಅಲ್ವಾ? ನನ್ನ ಹನ್ನೊಂದು ದಿನದ ಬಾಡಿಗೆ ಯಾರು ಕೊಡ್ತಾರೆ?