ಫ್ರಿಜ್ಜಿನೊಳಗಿನ ಹುಡುಗ

ಮೊನ್ನೆ ರಾತ್ರಿ ಊಟ ಆದ ಮೇಲೆ ಫಾಲ್‌ಔಟ್ 4 ಆಡುತ್ತಾ ಕೂತಿದ್ದೆ. ಹಳೇ ಗೇಮು, 2015ರದ್ದು. ನಾನು ಬೆಲೆ ಇಳಿಯಲಿ ಅಂತ ಕಾಯುವ ಪೈಕಿ. ಅಣುಯುದ್ಧದಲ್ಲಿ ಹಾಳಾದ ಬಾಸ್ಟನ್ನಿನ ಆಚೆ ನಡೆಯುತ್ತಿದ್ದಾಗ, ಬಿದ್ದಿದ್ದ ಒಂದು ಫ್ರಿಜ್ಜಿನೊಳಗಿಂದ ಮಗುವಿನ ದನಿ ಕೇಳಿತು. ಗುಂಡು ಹೊಡೆದು ಬಾಗಿಲು ತೆಗೆದರೆ ಒಳಗೆ ಬಿಲ್ಲಿ ಎಂಬ ಹುಡುಗ. ಬಾಂಬು ಬೀಳುವಾಗ ಬಚ್ಚಿಟ್ಟುಕೊಂಡವನು. ಬಾಂಬು ಬಿದ್ದದ್ದು 2077ರ ಅಕ್ಟೋಬರ್ 23. ಈ ಕಥೆ ನಡೆಯುವುದು 2287ರಲ್ಲಿ. ಅಂದರೆ 210 ವರ್ಷ ಫ್ರಿಜ್ಜಿನಲ್ಲಿ!

ಹುಡುಗ ವಿಕಿರಣದಿಂದ ಘೂಲ್ ಆಗಿದ್ದಾನೆ. ಮೈ ಸುಟ್ಟಂತೆ ಕಾಣುವ, ನೂರಾರು ವರ್ಷ ಬದುಕುವ ಜನ ಅವರು. ಅದಕ್ಕೆ ಯಾರ ತಕರಾರೂ ಇಲ್ಲ. ಅಭಿಮಾನಿಗಳು ಕೇಳುವುದು ಬೇರೆ: ಅನ್ನ ಬೇಡ, ನೀರು? 1997ರ ಮೊದಲ ಫಾಲ್‌ಔಟಿನಲ್ಲಿ ಘೂಲ್‌ಗಳದ್ದೇ ಒಂದು ಊರಿದೆ, ನೆಕ್ರೋಪೊಲಿಸ್. ಅಲ್ಲಿನ ನೀರಿನ ಯಂತ್ರದ ಕಂಪ್ಯೂಟರ್ ಚಿಪ್ ಕಿತ್ತುಕೊಂಡು ಹೊರಟರೆ ಅವರಿಗೆ ಕುಡಿಯಲು ನೀರಿಲ್ಲ. ಮನಸ್ಸಾಕ್ಷಿ ಚುಚ್ಚಿದರೆ ಹಳೇ ಪಂಪು ರಿಪೇರಿ ಮಾಡಿಕೊಟ್ಟು ಹೋಗಬಹುದು. ಅವತ್ತು ಕೂತು ಪಂಪು ರಿಪೇರಿ ಮಾಡಿದವನಿಗೆ ಇವತ್ತು ಈ ಫ್ರಿಜ್ಜು ನೋಡಿ ಹೊಟ್ಟೆ ಉರಿಯದೆ ಇರುತ್ತಾ?

ಇಂಥ ತಕರಾರಿಗೆ ಒಂದು ಸಿದ್ಧ ಉತ್ತರವಿದೆ. ರಾಕ್ಷಸರು ಓಡಾಡುವ ಆಟದಲ್ಲಿ ರಿಯಲಿಸಂ ಹುಡುಕ್ತೀರಲ್ಲ, ಸುಮ್ನೆ ಆಡಿ ಅಂತ. ನನಗೆ ಈ ಮಾತು ಒಪ್ಪಿಗೆಯಿಲ್ಲ. ನಮ್ಮಮ್ಮನ ಧಾರಾವಾಹಿಯಲ್ಲಿ ನಾಯಕಿಯ ಮುಖವೇ ಬದಲಾಗಿಬಿಡುತ್ತದೆ. ಅಮ್ಮ ಎರಡು ದಿನ ಗೊಣಗಿ ಹೊಸ ಮುಖಕ್ಕೆ ಹೊಂದಿಕೊಳ್ಳುತ್ತಾಳೆ. ಆದರೆ ಹೋದ ವಾರ ಕಾಶಿಗೆ ಹೊರಟ ಮಾವ ಈ ವಾರ ಹಜಾರದಲ್ಲಿ ಪೇಪರ್ ಓದುತ್ತಾ ಕೂತಿದ್ದರೆ ಮುಗಿಯಿತು. ಆಮೇಲೆ ಆ ಧಾರಾವಾಹಿ ಏನು ಹೇಳಿದರೂ ನಂಬುವುದಿಲ್ಲ.

ಫಾಲ್‌ಔಟಿನ ಮಾವಂದಿರ ಪಟ್ಟಿ ಉದ್ದವಿದೆ. ನನಗೆ ಜಾಸ್ತಿ ಇಷ್ಟವಾದದ್ದು ದುಡ್ಡಿನ ಕಥೆ. ಮೊದಲ ಭಾಗದಲ್ಲಿ ಬಾಟಲಿ ಮುಚ್ಚಳವೇ ದುಡ್ಡು. ಕೇಳಲು ಹುಚ್ಚಾಟ, ಆದರೆ ಅದಕ್ಕೊಂದು ಕಾರಣವಿತ್ತು. ಕ್ಯಾಲಿಫೋರ್ನಿಯಾದ ಹಬ್ ಎಂಬ ಊರಿನ ನೀರಿನ ವ್ಯಾಪಾರಿಗಳು ಅದಕ್ಕೆ ಜಾಮೀನು ನಿಂತಿದ್ದರು. ಮುಚ್ಚಳ ಕೊಟ್ಟರೆ ನೀರು ಸಿಗುತ್ತದೆ, ಅದಕ್ಕೇ ಬೆಲೆ. 1998ರ ಎರಡನೇ ಭಾಗದ ಹೊತ್ತಿಗೆ ಅಲ್ಲೊಂದು ಸರ್ಕಾರ ಎದ್ದಿದೆ, ಅದರದ್ದೇ ಡಾಲರ್ ಬಂದಿದೆ. ಒಂದು ಕಡೆ ನೀವು ಕಷ್ಟಪಟ್ಟು ನಿಧಿ ಹುಡುಕುತ್ತೀರಿ. ಸಿಗುವುದು ರಾಶಿ ಮುಚ್ಚಳ, ಕಾಸಿಗೂ ಬೇಡ. ನೋಟು ರದ್ದಾದ ರಾತ್ರಿ ಅಕ್ಕಿ ಡಬ್ಬಿ ತಡಕಿದ ನಮ್ಮ ಮನೆಯವರಿಗೆ ಈ ಜೋಕು ವಿವರಿಸಬೇಕಿಲ್ಲ.

ಆಮೇಲೆ ಆಟ ಬೆಥೆಸ್ಡಾ ಕಂಪನಿಯ ಕೈಗೆ ಹೋಯಿತು. 2008ರ ಮೂರನೇ ಭಾಗ ನಡೆಯುವುದು ದೇಶದ ಆ ತುದಿಯ ವಾಷಿಂಗ್ಟನ್ನಿನಲ್ಲಿ. ಅಲ್ಲೂ ಮುಚ್ಚಳವೇ ದುಡ್ಡು! ನೀರಿನ ವ್ಯಾಪಾರಿಗಳ ಸುದ್ದಿಯೇ ಇಲ್ಲ. 2010ರ ನ್ಯೂ ವೆಗಾಸ್ ಮಾಡಿದವರು ಬೇರೆ, ಅಬ್ಸಿಡಿಯನ್. ಅವರಿಗೂ ಮುಚ್ಚಳ ಬೇಕಿತ್ತು. ಆದರೆ ಒಂದು ಗಂಟೆ ಕೂತು ಯೋಚಿಸಿದ್ದಾರೆ. ಆಮೇಲಿನ ಇನ್ನೊಂದು ಯುದ್ಧದಲ್ಲಿ ಆ ಡಾಲರ್ ಸರ್ಕಾರದ ಚಿನ್ನದ ದಾಸ್ತಾನು ಹಾಳಾಯಿತು, ನೋಟಿನ ಮೇಲೆ ಜನರಿಗೆ ನಂಬಿಕೆ ಹೋಯಿತು, ಹಬ್‌ನ ವ್ಯಾಪಾರಿಗಳು ಮುಚ್ಚಳ ವಾಪಸ್ ತಂದರು. ನಾಲ್ಕು ಸಾಲಿನ ವಿವರಣೆ. ಅಷ್ಟು ಸಿಕ್ಕರೆ ನಮ್ಮಂಥವರು ಬಾಯಿ ಮುಚ್ಚಿಕೊಂಡು ಆಡುತ್ತೇವೆ. ಪವರ್ ಆರ್ಮರ್ ಎಂಬ ಕವಚಕ್ಕೆ ಮೊದಲು ನೂರು ವರ್ಷದ ಇಂಧನವಿತ್ತು. ನಾಲ್ಕನೇ ಭಾಗದಲ್ಲಿ ಅದು ನನ್ನ ಹಳೇ ಮೊಬೈಲಿನ ಹಾಗೆ, ಸ್ವಲ್ಪ ಓಡಿದರೆ ಖಾಲಿ. ಅದಕ್ಕೂ ಯಾರಾದರೂ ಒಂದು ನೆಪ ಹೇಳಬಾರದಿತ್ತೇ?

ತಮಾಷೆ ಏನೆಂದರೆ, ಆ ಫ್ರಿಜ್ಜಿನ ಪ್ರಸಂಗದಲ್ಲಿ ಒಂದು ಸಂಗತಿ ಅಪ್ಪಟ ನಿಜ. ಒಳಗಿಂದ ಬಾಗಿಲು ತೆಗೆಯಲು ಬರದೇ ಇರುವುದು. ಹಳೇ ಕಾಲದ ಫ್ರಿಜ್ಜುಗಳಿಗೆ ಹೊರಗೆ ಚಿಲಕವಿರುತ್ತಿತ್ತು. ಕಣ್ಣಾಮುಚ್ಚಾಲೆ ಆಡುತ್ತಾ ಒಳಗೆ ಹೋದ ಮಕ್ಕಳು ಉಸಿರು ಕಟ್ಟಿ ಸತ್ತರು. ಅದಕ್ಕೇ ಅಮೆರಿಕದಲ್ಲಿ 1956ರಲ್ಲಿ ಕಾನೂನು ಬಂತು, ಒಳಗಿಂದ ತಳ್ಳಿದರೂ ಬಾಗಿಲು ತೆರೆಯಬೇಕು ಅಂತ. ನಮ್ಮ ಮನೆಯ ಫ್ರಿಜ್ಜಿಗೆ ಈಗ ಇರುವುದು ಬರೀ ಅಯಸ್ಕಾಂತದ ಪಟ್ಟಿ. ಫಾಲ್‌ಔಟಿನ ಲೋಕ ಮಾತ್ರ 2077ರಲ್ಲೂ ಐವತ್ತರ ದಶಕದ ವೇಷದಲ್ಲೇ ಇದೆ. ಚಿಲಕ ಉಳಿದದ್ದು ಸರಿಯಾಗಿಯೇ ಇದೆ.

ಇದನ್ನೆಲ್ಲ ಅಮ್ಮನಿಗೆ ವಿವರಿಸುತ್ತಿದ್ದೆ. ಧಾರಾವಾಹಿ ಮುಗಿದಿದ್ದರಿಂದ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ನೀರಿನ ಪ್ರಶ್ನೆ ಅಷ್ಟೇನೂ ಮುಖ್ಯ ಅನ್ನಿಸಲಿಲ್ಲ. ಮನೆಗಳ ಒಳಗೆಲ್ಲ ಬಿದ್ದಿದ್ದ ಕಸ, ಇಟ್ಟಿಗೆ ಚೂರು ನೋಡಿ, "ಇನ್ನೂರು ವರ್ಷದಿಂದ ಇಲ್ಲಿ ಒಬ್ರೂ ಪೊರಕೆ ಹಿಡಿದಿಲ್ವೇನೋ?" ಅಂದಳು. ಇದೂ ಅಭಿಮಾನಿಗಳ ಹಳೇ ದೂರೇ. ಅಮ್ಮನಿಗೆ ಹತ್ತು ನಿಮಿಷದಲ್ಲಿ ಹೊಳೆಯಿತು.

ಬಿಲ್ಲಿಯನ್ನು ಮನೆಗೆ ಕರೆದುಕೊಂಡು ಹೋದೆ. ದೂರವೇನಿಲ್ಲ, ನಡೆದೇ ಹೋಗಬಹುದು. ಅವನ ಅಪ್ಪ ಅಮ್ಮ ಇಬ್ಬರೂ ಘೂಲ್ ಆಗಿ ಅಲ್ಲೇ ಬದುಕಿದ್ದಾರೆ. ಮಗನನ್ನು ನೋಡಿ ಸಂತೋಷಪಟ್ಟರು. ನಮ್ಮಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಂದಳು.

"ಇಷ್ಟು ಹತ್ರದಲ್ಲೇ ಇದ್ರಾ?"

"ಹೂಂ ಅಮ್ಮಾ."

"ಇನ್ನೂರು ವರ್ಷ ಒಂದ್ಸಲನೂ ಈ ಕಡೆ ಹುಡುಕ್ಕೊಂಡು ಬರಲಿಲ್ವಾ?"

ನನ್ನ ಹತ್ತಿರ ಉತ್ತರವಿರಲಿಲ್ಲ.

"ಕಥೆ ಬರೆದವನಿಗೆ ಮಕ್ಕಳಿಲ್ಲ ಅನ್ಸತ್ತೆ" ಅಂದವಳು, ಹಾಲಿಗೆ ಹೆಪ್ಪು ಹಾಕಲು ಎದ್ದು ಹೋದಳು.