ಮೂವತ್ತಾರು ಅಂದರೆ ಎಷ್ಟು ಇಂಚು?

ಗೆಳೆಯನ ಮಗಳ ಆರತಕ್ಷತೆಯ ಪತ್ರಿಕೆ ಬಂತು. ಮೇಲೆ ಗಣಪತಿ, ನಡುವೆ ವಧೂವರರ ಹೆಸರು, ಕೆಳಗೆ 'ಆಶೀರ್ವಾದವೇ ಉಡುಗೊರೆ'. ಅದಕ್ಕೂ ಕೆಳಗೆ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಕ್ಲಬ್ಬಿನ ನಿಯಮದಂತೆ ಗಂಡಸರಿಗೆ ಫಾರ್ಮಲ್ ಪ್ಯಾಂಟು ಮತ್ತು ಶೂ ಕಡ್ಡಾಯ.

ಆಶೀರ್ವಾದ ಮಾಡಲು ಪ್ಯಾಂಟು ಬೇಕು ಅಂತ ನನಗೆ ಗೊತ್ತಿರಲಿಲ್ಲ. ನಮ್ಮಜ್ಜ ಕೊನೆಯವರೆಗೂ ಆಶೀರ್ವಾದ ಮಾಡಿದ್ದು ಪಂಚೆಯಲ್ಲೇ. ಕೆಲವು ಫಲಿಸಿವೆ ಕೂಡ.

ಗೆಳೆಯನಿಗೆ ಫೋನ್ ಮಾಡಿದೆ. "ಜರಿ ಪಂಚೆ ಉಟ್ಕೊಂಡು ಬರ್ತೀನಿ ಕಣೋ, ಮದುವೆ ಮನೆ ಅಲ್ವಾ?"

"ದಮ್ಮಯ್ಯ, ಬೇಡ ಕಣೋ. ಗೇಟಲ್ಲೇ ನಿಲ್ಲಿಸ್ತಾರೆ. ಬೀಗರಿಗೇ ಪ್ಯಾಂಟು ಹೊಲಿಸಿ ಕೊಟ್ಟಿದೀವಿ."

ಗೇಟಲ್ಲಿ ನಿಲ್ಲಿಸುವ ಮಾತು ಬಂದರೆ ಎಲ್ಲರಿಗೂ ನೆನಪಾಗುವುದು ಒಂದೇ. 2024ರ ಜುಲೈ, ಮಾಗಡಿ ರಸ್ತೆಯ ಮಾಲು, ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತ. ಟಿಕೆಟ್ ಇತ್ತು, ಪ್ಯಾಂಟು ಇರಲಿಲ್ಲ. ಆಮೇಲಿನದು ನಿಮಗೆ ಗೊತ್ತೇ ಇದೆ. ಪ್ರತಿಭಟನೆ, ಕ್ಷಮೆ, ಸದನದಲ್ಲಿ ಗದ್ದಲ, ಮಾಲಿಗೆ 7 ದಿನ ಬೀಗ. ನನಗೆ ಬಹಳ ಹಿಡಿಸಿದ್ದು ಮಾಲಿನವರು ಮಾಡಿದ ಸನ್ಮಾನ. ಆ ಹಿರಿಯರಿಗೆ ಶಾಲು ಹೊದಿಸಿದರು. ಸೊಂಟದ ಕೆಳಗಿನ ಬಟ್ಟೆಗೆ ಆದ ಅವಮಾನವನ್ನು ಸೊಂಟದ ಮೇಲಿನ ಬಟ್ಟೆಯಿಂದ ಸರಿ ಮಾಡಿದರು. ಲೆಕ್ಕ ಚುಕ್ತಾ.

ಆ ವಾರ ಮಾಲಿಗೆ ಬೀಗ ಹಾಕಿಸಿದ ಸರ್ಕಾರದ ಮುಖ್ಯಮಂತ್ರಿ ಉಡುವುದೂ ಪಂಚೆಯೇ. 1996ರಲ್ಲಿ ಕೆಂಪುಕೋಟೆಯ ಮೇಲೆ ನಿಂತು ಭಾಷಣ ಮಾಡಿದ ಹರದನಹಳ್ಳಿಯ ಗೌಡರು ಉಟ್ಟಿದ್ದೂ ಪಂಚೆಯೇ. ಕೆಂಪುಕೋಟೆಗೆ ನಡೆಯುತ್ತೆ, ಪಾಪ್‌ಕಾರ್ನ್ ಕೌಂಟರಿಗೆ ನಡೆಯಲ್ಲ. ಮೊಘಲರಿಗಿಂತ ಮಾಲಿನವರ ಶಿಸ್ತು ಜಾಸ್ತಿ.

ಇದರಲ್ಲಿ ನಾವೇ ಮೊದಲಿಗರು ಅಂತ ಬೀಗುವ ಹಾಗೂ ಇಲ್ಲ. ಪಕ್ಕದ ಚೆನ್ನೈನಲ್ಲಿ 10 ವರ್ಷ ಮೊದಲೇ, 2014ರಲ್ಲಿ, ವೇಷ್ಟಿ, ಅಂದರೆ ಅಲ್ಲಿನವರ ಪಂಚೆ, ಉಟ್ಟಿದ್ದಕ್ಕೆ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಕ್ರಿಕೆಟ್ ಕ್ಲಬ್ಬೊಂದರ ಬಾಗಿಲಲ್ಲಿ ತಡೆದರು. ಒಂದೇ ತಿಂಗಳಲ್ಲಿ ಅಲ್ಲಿನ ವಿಧಾನಸಭೆ ಕಾಯಿದೆ ಮಾಡಿತು. ವೇಷ್ಟಿ ಉಟ್ಟವರನ್ನು ತಡೆದರೆ 1 ವರ್ಷದವರೆಗೆ ಜೈಲು, 25 ಸಾವಿರ ದಂಡ. ನಾವು ಶಾಲು ಹೊದಿಸಿದೆವು.

ಇರಲಿ. ನನಗೆ ಬೇಕಾಗಿದ್ದು ಕಾಯಿದೆಯಲ್ಲ, ಪ್ಯಾಂಟು.

ಶೋರೂಮಿಗೆ ಹೋದೆ. ಇಪ್ಪತ್ತೆರಡರ ಹುಡುಗ ಓಡಿ ಬಂದ. "ಯಾವ ಫಿಟ್ ಕೊಡ್ಲಿ ಸಾರ್? ಸ್ಲಿಮ್ಮಾ, ಸೂಪರ್ ಸ್ಲಿಮ್ಮಾ, ಟೇಪರ್ಡಾ, ಆಂಕಲ್ ಲೆಂಥಾ, ರಿಲ್ಯಾಕ್ಸ್ಡಾ?"

"ಆಗೋದು ಕೊಡಪ್ಪ" ಅಂದೆ.

"ಅದು ಬರಲ್ಲ ಸಾರ್."

ತಮಾಷೆಗೆ ಹೇಳಿದ್ದಲ್ಲ ಅವನು. ನಿಜವಾಗಲೂ ಆ ಹೆಸರಿನ ಫಿಟ್ ಇದೆಯೇನೋ ಅಂತ ರ್‍ಯಾಕಿನ ಕಡೆ ಒಮ್ಮೆ ತಿರುಗಿ ನೋಡಿ, ಆಮೇಲೆ ಹೇಳಿದ.

ನನ್ನ ಸೊಂಟ ಮೂವತ್ತಾರು. ಮನೆಯಲ್ಲಿ ಹೆಂಡತಿ ಟೇಪು ಹಿಡಿದು ಮೂವತ್ತೇಳು ಅಂದಿದ್ದಳು, ನಾನು ಉಸಿರು ಎಳೆದು ಮೂವತ್ತಾರು ಮಾಡಿಸಿದ್ದೆ. ಹುಡುಗ ಒಂದು ಕಂಪನಿಯ ಮೂವತ್ತಾರು ಕೊಟ್ಟ. ಟ್ರಯಲ್ ರೂಮಿನಲ್ಲಿ ಅದು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಇನ್ನೂ ಉಳಿಯಿತು. ಇನ್ನೊಂದು ಕಂಪನಿಯ ಮೂವತ್ತಾರು ತೊಡೆಯವರೆಗೆ ಬಂದು ಅಲ್ಲೇ ಧರಣಿ ಕೂತಿತು. ಮೂರನೆಯ ಕಂಪನಿಯ ಮೂವತ್ತನಾಲ್ಕು ಸರಾಗವಾಗಿ ಏರಿತು. ಒಂದೇ ಬೆಳಿಗ್ಗೆ, ಒಂದೇ ಸೊಂಟ, ಮೂರು ತೀರ್ಪು. ಮೇಲ್ಮನವಿ ಸಲ್ಲಿಸಲು ಜಾಗ ಇಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಅಲ್ಲ. 2010ರಲ್ಲಿ ಅಮೆರಿಕದ 'ಎಸ್ಕ್ವೈರ್' ಪತ್ರಿಕೆಯವನೊಬ್ಬ ಟೇಪು ಹಿಡಿದುಕೊಂಡು ಅಂಗಡಿ ಅಂಗಡಿ ಸುತ್ತಿದ. ಮೂವತ್ತಾರು ಅಂತ ಬರೆದಿದ್ದ ಫಾರ್ಮಲ್ ಪ್ಯಾಂಟುಗಳನ್ನೆಲ್ಲ ಅಳೆದ. ಒಂದು ಕಂಪನಿಯದು ನಲವತ್ತೊಂದು ಇಂಚು ಇತ್ತಂತೆ. ಗಿರಾಕಿ ದಪ್ಪ ಆದ ಹಾಗೆಲ್ಲ ಕಂಪನಿಗಳು ಸಂಖ್ಯೆ ಹಾಗೇ ಬಿಟ್ಟು ಬಟ್ಟೆ ಹಿಗ್ಗಿಸುತ್ತವೆ. ಗಿರಾಕಿಗೂ ಖುಷಿ, ಕಂಪನಿಗೂ ಖುಷಿ. ತೂಕದ ಯಂತ್ರ ಮಾಡುವವರಿಗೆ ಈ ಬುದ್ಧಿ ಯಾಕೆ ಬರಲಿಲ್ಲವೋ.

ತರಕಾರಿಯವಳು ಕಾಲು ಕೇಜಿ ಬೀನ್ಸಿಗೆ ಹತ್ತು ಗ್ರಾಂ ಕಡಿಮೆ ಹಾಕಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಅವಳ ತಕ್ಕಡಿ ಬಟ್ಟಿಗೆ ಮುದ್ರೆ ಹಾಕಲು ಸರ್ಕಾರದ ಒಂದು ಇಲಾಖೆಯೇ ಇದೆ. ಐದು ಇಂಚು ಆಚೀಚೆ ಆದ ಪ್ಯಾಂಟಿಗೆ ಎರಡೂವರೆ ಸಾವಿರ ಕೊಟ್ಟು, ಕ್ಯಾರಿ ಬ್ಯಾಗಿಗೆ ಬೇರೆ ಹತ್ತು ರೂಪಾಯಿ ಕೊಟ್ಟು, ಥ್ಯಾಂಕ್ಸ್ ಹೇಳಿ ಬರುತ್ತೇವೆ. ಲೇಬಲ್ಲಿನಲ್ಲಿ ಸೆಂಟಿಮೀಟರೂ ಇರುತ್ತದೆ, ಅಲ್ಲಗಳೆಯುವುದಿಲ್ಲ. ಕೇಳಿದರೆ ಹೇಳುತ್ತಾರೆ, ಅದು ಪ್ಯಾಂಟಿನ ಅಳತೆ ಅಲ್ಲ ಸಾರ್, ಹಾಕಿಕೊಳ್ಳುವವರ ಅಳತೆ ಅಂತ. ಅಂದರೆ ನಾನು ಕೊಟ್ಟ ದುಡ್ಡಿಗೆ ನನ್ನ ಅಳತೆಯನ್ನೇ ನನಗೆ ಮಾರಿದ್ದಾರೆ. ಅದೂ ತಪ್ಪಾಗಿ.

ನಮ್ಮ ಅಳತೆಯ ಸಂಸಾರವೇ ಹೀಗೆ. ಮೆಟ್ರಿಕ್ ಪದ್ಧತಿಗೆ 1956ರಲ್ಲೇ ಕಾಯಿದೆ ಆಯಿತು. ಬಟ್ಟೆ ಮೀಟರಿಗೆ ಬಂತು, ಹಾಲು ಲೀಟರಿಗೆ ಬಂತು. ಸೊಂಟ ಇಂಚಿನಲ್ಲೇ ಉಳಿಯಿತು. ಎತ್ತರ ಅಡಿಯಲ್ಲಿ. ಬೆಂಗಳೂರಿನವನಿಗೆ 'ತರ್ಟಿ ಫಾರ್ಟಿ' ಅಂದರೆ ಈಗಲೂ ಸೈಟು. ನಾನು ಆ ಹುಡುಗನಿಗೆ ಸೊಂಟ ಮೂವತ್ತಾರು, ಉದ್ದ ನಲವತ್ತು ಅಂದಾಗ ಪಕ್ಕದಲ್ಲಿದ್ದವರೊಬ್ಬರು "ಯಾವ ಲೇಔಟಲ್ಲಿ?" ಅಂತ ಕೇಳಲಿಲ್ಲ ಅನ್ನುವುದೊಂದೇ ಆಶ್ಚರ್ಯ.

ಸರ್ಕಾರ ಸುಮ್ಮನೆ ಕೂತಿಲ್ಲ ಅಂತಲೂ ಹೇಳಬೇಕು. ಭಾರತೀಯರಿಗೆ ಭಾರತೀಯರದ್ದೇ ಸೈಜು ಬೇಕು ಅಂತ ಜವಳಿ ಸಚಿವಾಲಯ ಮತ್ತು ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್ ಸೇರಿ 'ಇಂಡಿಯಾ ಸೈಜ್' ಅಂತ ಒಂದು ಸಮೀಕ್ಷೆ ಹಮ್ಮಿಕೊಂಡವು. 15ರಿಂದ 65 ವರ್ಷದ 25 ಸಾವಿರ ಜನರನ್ನು ತ್ರೀಡಿ ಸ್ಕ್ಯಾನರಿನಲ್ಲಿ ನಿಲ್ಲಿಸಿ ಅಳೆಯುವ ಯೋಜನೆ. ದೆಹಲಿ, ಮುಂಬೈ, ಕೋಲ್ಕತ್ತ, ಹೈದರಾಬಾದ್, ಶಿಲ್ಲಾಂಗ್, ಬೆಂಗಳೂರು. ಒಳ್ಳೆಯ ಕೆಲಸ, ವ್ಯಂಗ್ಯ ಅಲ್ಲ. ಅಲ್ಲಿಯವರೆಗೆ ನಾವೆಲ್ಲ ಹಾಕಿಕೊಂಡಿರುವುದು ಇಂಗ್ಲೆಂಡು ಅಮೆರಿಕದವರ ಕಾಲಿನ ಲೆಕ್ಕ. ರಾಗಿಮುದ್ದೆ ತಿಂದ ಹೊಟ್ಟೆ, ಬ್ರೆಡ್ಡು ತಿಂದವನ ಬೆಲ್ಟು. ಅದಕ್ಕೇ ನೋಡಿ, ನಮ್ಮಲ್ಲಿ ರೆಡಿಮೇಡ್ ಪ್ಯಾಂಟನ್ನು ಕೆಳಗೆ ನಾಲ್ಕು ಇಂಚು ಕತ್ತರಿಸದೆ ಹಾಕಿಕೊಂಡವರನ್ನು ನಾನಂತೂ ಕಂಡಿಲ್ಲ. ಮೊಣಕಾಲಿನಿಂದ ಕೆಳಕ್ಕೆ ಕಿರಿದಾಗುತ್ತ ಹೋಗುವ ಪ್ಯಾಂಟನ್ನು ಕೆಳಗೆ ಕತ್ತರಿಸಿದರೆ ಆ ಕಿರಿದಾಗುವ ಭಾಗವೇ ಹೋಗುತ್ತದೆ. ದುಡ್ಡು ಕೊಟ್ಟಿದ್ದು ಟೇಪರ್ಡಿಗೆ. ಮನೆಗೆ ಬಂದಿದ್ದು ಚರಂಡಿ ಪೈಪು.

ಅರಸೀಕೆರೆಯಲ್ಲಿ ನಮಗೊಬ್ಬರು ಟೈಲರ್ ಇದ್ದರು. ಅಳತೆ ತೆಗೆಯುವ ಮೊದಲು ಒಂದೇ ಪ್ರಶ್ನೆ: "ಊಟ ಮಾಡ್ಕೊಂಡು ಬಂದ್ಯೋ, ಮಾಡ್ದೆ ಬಂದ್ಯೋ?" ಮಾಡದೆ ಬಂದಿದ್ದರೆ ಟೇಪಿನೊಳಗೆ ಎರಡು ಬೆರಳು ತೂರಿಸಿ ಅಳೆಯುತ್ತಿದ್ದರು. ಆಮೇಲೆ ಕೂರಿಸುತ್ತಿದ್ದರು. ಕೂತಾಗ ಸೀಟು ಎಷ್ಟು ಅಗಲ ಆಗುತ್ತೆ ನೋಡಲು. ಸೊಂಟ, ಸೀಟು, ತೊಡೆ, ಮೊಣಕಾಲು, ಬಾಟಮ್ಮು ಎಲ್ಲ ಗಟ್ಟಿಯಾಗಿ ಹೇಳುತ್ತಾ ಹೋಗುವುದು, ಹುಡುಗ ಬಿಲ್ ಪುಸ್ತಕದ ಹಿಂದೆ ಬರೆದುಕೊಳ್ಳುವುದು. ನನ್ನ ಸೊಂಟ ಇಡೀ ಪೇಟೆ ಬೀದಿಗೆ ಗೊತ್ತಿತ್ತು. ಹಿಂಭಾಗದ ಹೊಲಿಗೆಯಲ್ಲಿ ಒಳಗಡೆ ಒಂದೂವರೆ ಇಂಚು ಬಟ್ಟೆ ಬಿಡುತ್ತಿದ್ದರು. "ಮದ್ವೆ ಆದ್ಮೇಲೆ ಬಾ, ಬಿಚ್ಕೊಡ್ತೀನಿ." ಬಿಚ್ಚಿಸಿಕೊಂಡೆ. ಎರಡು ಸಲ.

ಅವರ ಹತ್ತಿರ ಫಿಟ್ಟಿಗೆ ಹೆಸರು ಇರಲಿಲ್ಲ, ಪರೀಕ್ಷೆ ಇತ್ತು. ನಿಂತಾಗ ಪಕ್ಕದ ಜೇಬು ಆನೆ ಕಿವಿ ಥರ ಬಾಯಿ ಬಿಟ್ಟರೆ ಸೀಟು ಟೈಟು. ತೊಡೆ ಸಂದಿಯಲ್ಲಿ ಬೆಕ್ಕಿನ ಮೀಸೆ ಥರ ಗೆರೆ ಎದ್ದರೂ ಟೈಟೇ. ಇಸ್ತ್ರಿ ಗೆರೆ ಮೊಣಕಾಲಿನ ಮಧ್ಯದಿಂದ ನೆಟ್ಟಗೆ ಶೂ ಮೇಲೆ ಇಳಿಯಬೇಕು, ಅಲ್ಲಿ ಒಂದೇ ಒಂದು ಮಡಿಕೆ ಬೀಳಬೇಕು. ಕೊನೆಗೆ, ನೆಲದ ಮೇಲೆ ಕೂತು ಏಳು. ಅಷ್ಟೇ.

ಈ ಕೊನೆಯ ಪರೀಕ್ಷೆಯಲ್ಲಿ ಇವತ್ತಿನ ಒಂದು ಪ್ಯಾಂಟೂ ಪಾಸಾಗುವುದಿಲ್ಲ. ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಿ ನೋಡಿದೆ. ನೆಲದ ಪಂಕ್ತಿ ಒಂದು ಕಡೆ, ಮಂಡಿನೋವಿನವರಿಗೆ ಅಂತ ಟೇಬಲ್ಲು ಕುರ್ಚಿ ಒಂದು ಕಡೆ. ಪಂಚೆ ಉಟ್ಟ ಎಪ್ಪತ್ತೆಂಟರ ಚಿಕ್ಕಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಿದ್ದರು. ಮಂಡಿನೋವಿನ ಕುರ್ಚಿಯಲ್ಲಿ ಇಪ್ಪತ್ತೈದರ ನಾಲ್ಕು ಹುಡುಗರು ಬೆನ್ನು ನೆಟ್ಟಗೆ ಮಾಡಿ, ಕಾಲು ಮುಂದಕ್ಕೆ ಚಾಚಿ ಕೂತಿದ್ದರು. ನಾಲ್ವರದೂ ಸ್ಲಿಮ್ ಫಿಟ್ಟು.

ಗೃಹಪ್ರವೇಶ ಅಂದಕೂಡಲೆ ಪ್ಯಾಂಟ್ ಪೀಸು ನೆನಪಾಯಿತು. ನಮ್ಮ ಬೀರುವಿನ ಮೇಲಿನ ಖಾನೆಯಲ್ಲಿ ಹದಿನಾಲ್ಕು ಇವೆ. ಯಾರೋ ಮುಯ್ಯಿ ಕೊಟ್ಟಿದ್ದು. ಹೊಲಿಸಲು ಕೊಟ್ಟಿದ್ದಲ್ಲ ಅದು, ದಾಟಿಸಲು ಕೊಟ್ಟಿದ್ದು. ಕಂದು ಬಣ್ಣದ ಒಂದು ಪೀಸನ್ನು ನಾನು ತಿಪಟೂರಿನ ಒಂದು ಮದುವೆಯಲ್ಲಿ ಕೊಟ್ಟೆ, ಮೂರು ವರ್ಷ ಬಿಟ್ಟು ನನ್ನ ಷಷ್ಟ್ಯಬ್ದಿಯಲ್ಲಿ ಅದೇ ವಾಪಸ್ ಬಂತು. ಡಬ್ಬಿಯ ಮೂಲೆಯಲ್ಲಿ ನನ್ನ ಹೆಂಡತಿ ಪೆನ್ಸಿಲ್ಲಿನಲ್ಲಿ ಬರೆದ ಗುರುತು ಹಾಗೇ ಇತ್ತು. ಈ ಸಲ ಹೊಲಿಸಿಬಿಡೋಣ ಅಂತ ತೆಗೆದುಕೊಂಡು ಹೋದರೆ, ನಮ್ಮ ಬೀದಿಯಲ್ಲಿ ಉಳಿದಿರುವ ಒಬ್ಬನೇ ಟೈಲರು ಅದನ್ನು ಮುಟ್ಟಿಯೂ ನೋಡಲಿಲ್ಲ. "ಈಗ ಬರೀ ಆಲ್ಟ್ರೇಷನ್ ಸಾರ್. ಹೊಸದು ಯಾರೂ ಹೊಲಿಸಲ್ಲ." ಸುತ್ತಲೂ ಹಗ್ಗದ ಮೇಲೆ ಕಾಲು ಕತ್ತರಿಸಿಕೊಂಡ ಪ್ಯಾಂಟುಗಳು ನೇತಾಡುತ್ತಿದ್ದವು.

ಕೊನೆಗೆ ಮೂರನೇ ಕಂಪನಿಯ ಮೂವತ್ತನಾಲ್ಕನ್ನೇ ಕೊಂಡೆ. ಸುಳ್ಳು ಅಂತ ಗೊತ್ತಿದ್ದೂ, ಮೂವತ್ತನಾಲ್ಕು ಅನ್ನುವ ಖುಷಿಗೆ. ಲೋ ವೇಸ್ಟು. ಹೊಟ್ಟೆಯ ಕೆಳಗೆ ನಿಲ್ಲುತ್ತದೆ, ಅದೂ ಬೆಲ್ಟಿನ ದಯೆಯಿಂದ. ಪ್ಯಾಂಟನ್ನು ನಾನು ಹಾಕಿಕೊಂಡಿದ್ದೇನೋ, ಅದೇ ನನ್ನನ್ನು ಹಿಡಿದುಕೊಂಡಿದೆಯೋ ಹೇಳುವುದು ಕಷ್ಟ.

ಇಷ್ಟೆಲ್ಲ ಯಾರಿಗಾಗಿ? ಗೇಟಿಗಾಗಿ. ಇಲ್ಲಿ ನನಗೆ ನಗು ಬರುವುದಿಲ್ಲ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೋ ನಿಲ್ದಾಣದಲ್ಲಿ ಬಟ್ಟೆ ಕೊಳೆಯಾಗಿದೆ ಅಂತ ಒಬ್ಬ ರೈತನನ್ನು ತಡೆದರು. ವಿಡಿಯೋ ಹರಿದಾಡಿತು, ಭದ್ರತಾ ಮೇಲ್ವಿಚಾರಕನ ಕೆಲಸ ಹೋಯಿತು. ಐದೇ ತಿಂಗಳಿಗೆ ಮಾಲಿನದು. ಗೇಟಿನಲ್ಲಿ ನಿಂತವನಿಗೆ ಬಟ್ಟೆ ನೋಡಿ ಜನರನ್ನು ಜರಡಿ ಹಿಡಿಯಲು ಕಲಿಸಿದವರು ಯಾರು? ಅವರು ಗೇಟಿನ ಹತ್ತಿರ ಎಂದೂ ಇರುವುದಿಲ್ಲ. ಏಸಿ ಕೋಣೆಯಲ್ಲಿ ಕೂತು ನಿಯಮ ಬರೆಯುತ್ತಾರೆ, ವಿಡಿಯೋ ಬಂದ ದಿನ ಆ ನಿಯಮ ನಮ್ಮದಲ್ಲವೇ ಅಲ್ಲ ಅನ್ನುತ್ತಾರೆ. ಬಯ್ಗುಳ ಹನ್ನೆರಡು ಗಂಟೆ ನಿಂತು ದುಡಿಯುವವನಿಗೆ. ಮುಂದಿನ ವರ್ಷ ಇನ್ನೊಂದು ಗೇಟು, ಇನ್ನೊಬ್ಬ ಮುದುಕ, ಇನ್ನೊಂದು ಶಾಲು. ಸಾಕಾಗಿದೆ.

ಆರತಕ್ಷತೆಗೆ ಹೋದೆ. ಕ್ಲಬ್ಬಿನ ಗೇಟಿನಲ್ಲಿ ಗಾರ್ಡ್ ನನ್ನ ಮುಖ ನೋಡಲಿಲ್ಲ. ಮೊದಲು ಶೂ, ಆಮೇಲೆ ಮೊಣಕಾಲು, ಆಮೇಲೆ ಬೆಲ್ಟು. ಅಲ್ಲಿಗೆ ತಪಾಸಣೆ ಮುಗಿಯಿತು. ನಾನೂ ಅವನ ಪ್ಯಾಂಟು ನೋಡಿದೆ. ನೀಲಿ ಯೂನಿಫಾರಂ. ಸೊಂಟದ ಹತ್ತಿರ ಎರಡು ಮಡಿಕೆ ಹಾಕಿ ಬೆಲ್ಟಿನಲ್ಲಿ ಬಿಗಿದಿದ್ದ. ಬೆಲ್ಟಿಗೆ ಮೊಳೆಯಿಂದ ಹೊಡೆದ ಹೊಸ ತೂತು. ಕೆಳಗೆ ಬಾಟಮ್ಮು ಒಳಕ್ಕೆ ಮಡಚಿ ಪಿನ್ನು ಹಾಕಿದ್ದ.

"ಯಾವ ಸೈಜಪ್ಪಾ ಇದು?"

"ಗೊತ್ತಿಲ್ರಿ ಸರ. ನನಕಿಂತ ಮೊದ್ಲ ಇದ್ದಾಂವಂದು. ಅಂವ ಒಂದೀಟು ದಪ್ಪ ಇದ್ನಂತ."

"ಯಾವೂರು?"

"ಮಾನ್ವಿ ಕಡೆ ರೀ."

"ಊರಲ್ಲೂ ಪ್ಯಾಂಟೇನಾ?"

ಮೊದಲ ಸಲ ನನ್ನ ಮುಖ ನೋಡಿದ. ನಕ್ಕ. "ಊರಾಗ ಯಾರ್ ಹಾಕ್ಕೊಂತಾರ್ರೀ ಇದನ್ನ. ಲುಂಗಿನ. ಒಳಗ ನಡೀರಿ ಸರ, ಊಟ ಚಾಲೂ ಆಗೇತಿ."

ಒಳಗೆ ಹೋದೆ. ದೊಡ್ಡ ದೊಡ್ಡ ಸೋಫಾಗಳಿದ್ದವು. ತಟ್ಟೆ ಹಿಡಿದುಕೊಂಡು ನಿಂತೇ ತಿಂದೆ. ಗೆಳೆಯ ಎರಡು ಸಲ ಬಂದು ಕೂತ್ಕೊಳೋ ಅಂದ. ಪರವಾಗಿಲ್ಲ ಅಂದೆ.