ನಿನ್ನೆಗೊಂದು ತಿದ್ದುಪಡಿ

ಇಂಗ್ಲೆಂಡಿನ ಎಂಟನೇ ಹೆನ್ರಿ ಮಹಾಪ್ರಭುಗಳನ್ನು ಜನ ಸುಮ್ನೆ ಬೈಯುತ್ತಾರೆ. ಹೆಂಡತಿಯರ ತಲೆ ತೆಗೆಸಿದ, ಮಠಗಳನ್ನು ದೋಚಿದ, ಪೋಪನಿಗೆ ಸಡ್ಡು ಹೊಡೆದ ಅಂತೆಲ್ಲ. ಮಾಡಿದ್ದು ನಿಜವೇ. ಆದರೆ ಕಾಗದಪತ್ರ ಸರಿಯಾಗಿಟ್ಟುಕೊಂಡು ಮಾಡಿದರು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಮೊದಲು ಕಾನೂನು, ಆಮೇಲೆ ಕೊಡಲಿ. ಶಿಸ್ತು ಅಂದರೆ ಶಿಸ್ತು.

ಎಲ್ಲ ಶುರುವಾಗಿದ್ದು ಮನಸ್ಸಾಕ್ಷಿಯಿಂದ. 1509ರಲ್ಲಿ ಮಹಾಪ್ರಭುಗಳು ತೀರಿಕೊಂಡ ಅಣ್ಣನ ಹೆಂಡತಿ ಕ್ಯಾಥರೀನ್‌ಳನ್ನು ಮದುವೆಯಾದರು. ಅತ್ತಿಗೆಯನ್ನು ಮದುವೆಯಾಗಲು ಪೋಪ್ ಎರಡನೇ ಜೂಲಿಯಸ್ ಕೊಟ್ಟ ವಿಶೇಷ ಅನುಮತಿ ಕೈಯಲ್ಲಿತ್ತು. ಹದಿನೆಂಟು ವರ್ಷ ಸಂಸಾರ ನಡೆಯಿತು. ಗಂಡು ಮಗು ಉಳಿಯಲಿಲ್ಲ. ಅಷ್ಟರಲ್ಲಿ ರಾಣಿಯ ಸಖಿಯರಲ್ಲಿ ಆನ್ ಬೋಲಿನ್ ಕಣ್ಣಿಗೆ ಬಿದ್ದಳು. ಸರಿಯಾಗಿ ಅದೇ ಹೊತ್ತಿಗೆ, 1527ರಲ್ಲಿ, ಬೈಬಲಿನ ಯಾಜಕಕಾಂಡದ ಒಂದು ಮಾತು ಅವರನ್ನು ಚುಚ್ಚತೊಡಗಿತು. ಸಹೋದರನ ಹೆಂಡತಿಯನ್ನು ಮದುವೆಯಾದವನಿಗೆ ಮಕ್ಕಳಾಗುವುದಿಲ್ಲವಂತೆ. ಹನ್ನೊಂದು ವರ್ಷದ ಮಗಳು ಮೇರಿ ಆಗ ಗಟ್ಟಿಮುಟ್ಟಾಗಿಯೇ ಇದ್ದಳು. ಅವಳು ಲೆಕ್ಕಕ್ಕೆ ಬರಲಿಲ್ಲ. ಮಕ್ಕಳಿಲ್ಲದೆ ಸತ್ತವನ ಹೆಂಡತಿಯನ್ನು ಅವನ ಸಹೋದರ ಮದುವೆಯಾಗಬೇಕು ಅಂತ ಧರ್ಮೋಪದೇಶಕಾಂಡದಲ್ಲಿ ಇದೆ. ಆ ಪುಟ ಮಾತ್ರ ಯಾಕೋ ಚುಚ್ಚಲಿಲ್ಲ.

ಪೋಪ್ ಏಳನೇ ಕ್ಲೆಮೆಂಟ್ ಮದುವೆ ರದ್ದು ಮಾಡಬಹುದಿತ್ತೇನೋ. ಆದರೆ ಅದೇ 1527ರ ಮೇ ತಿಂಗಳಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ ರೋಮ್ ನಗರವನ್ನು ಕೊಳ್ಳೆ ಹೊಡೆದು ಪೋಪನನ್ನು ಕೋಟೆಯಲ್ಲಿ ಕೂಡಿಹಾಕಿತ್ತು. ಚಾರ್ಲ್ಸ್ ಬೇರೆ ಯಾರೂ ಅಲ್ಲ, ಕ್ಯಾಥರೀನ್ ರಾಣಿಯ ಅಕ್ಕನ ಮಗ. ಚಿಕ್ಕಮ್ಮನ ಸಂಸಾರ ಒಡೆಯಲು ಅವನ ಕೈದಿಯಿಂದಲೇ ಸಹಿ ಕೇಳಿದರೆ ಸಿಗುತ್ತದಾ? ಆ ಸಹಿ ತರಲಾಗದೆ ದೊರೆಯ ಮುಖ್ಯ ಮಂತ್ರಿ ಕಾರ್ಡಿನಲ್ ವುಲ್ಸಿ ಪದವಿ ಕಳೆದುಕೊಂಡ. 1529ರಲ್ಲಿ ಅವನ ಮೇಲೆ ಹೊರಿಸಿದ ಆಪಾದನೆ ಇನ್ನೂ ಚೆನ್ನಾಗಿದೆ: ಪೋಪನ ಪ್ರತಿನಿಧಿಯಾಗಿ ಅಧಿಕಾರ ನಡೆಸಿದ್ದು. ಆ ಹುದ್ದೆ ಅವನಿಗೆ ಸಿಗಲಿ ಅಂತ ರೋಮಿಗೆ ಒತ್ತಾಯ ಮಾಡಿದ್ದವರು ಸ್ವತಃ ಮಹಾಪ್ರಭುಗಳೇ.

ಇಲ್ಲಿಗೆ ದೊರೆಯ ಹೊಸ ಮಂತ್ರಿಯಾಗಿ ಬಂದವನು ಥಾಮಸ್ ಕ್ರಾಮ್ವೆಲ್. ಪಟ್ನಿ ಊರಿನ ಕಮ್ಮಾರನ ಮಗ, ವುಲ್ಸಿಯ ಕಚೇರಿಯಲ್ಲಿ ಪಳಗಿದವನು. ಇವನ ಕೆಲಸದಲ್ಲಿ ಒಂದು ವಿಶೇಷ ಇತ್ತು. ಹೊಸ ಕಾನೂನು ಬರೆಸಿದರೂ ಹೊಸದೇನೂ ಆಗುತ್ತಿಲ್ಲ, ಮೊದಲಿಂದಲೂ ಹೀಗೇ ಇತ್ತು ಅಂತಲೇ ಬರೆಸುತ್ತಿದ್ದ. 1533ರ ಕಾನೂನಿನಲ್ಲಿ, ಇಂಗ್ಲೆಂಡು ಹಿಂದಿನಿಂದಲೂ ಯಾರ ಅಧೀನಕ್ಕೂ ಒಳಪಡದ ಸಾಮ್ರಾಜ್ಯ ಎಂದು ಹಳೆಯ ಇತಿಹಾಸಗಳೇ ಹೇಳುತ್ತವೆ ಅಂತ ಬಂತು. 1534ರಲ್ಲಿ ಪಾರ್ಲಿಮೆಂಟು ದೊರೆಯನ್ನು ಚರ್ಚಿನ ಮುಖ್ಯಸ್ಥನನ್ನಾಗಿ ಮಾಡಲಿಲ್ಲ. ದೊರೆ ನ್ಯಾಯವಾಗಿ ಮುಖ್ಯಸ್ಥರೇ ಆಗಿದ್ದಾರೆ ಅಂತ ಗುರುತಿಸಿತು, ಅಷ್ಟೆ. ಪಾಪ, ಈ ವಿಷಯ ಅದುವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ. ದೊರೆಯ ಗಮನಕ್ಕೂ ಬಂದಿರಲಿಲ್ಲ.

ಬಂದಿರಲಿಲ್ಲ ಅನ್ನುವುದಕ್ಕೆ ಅಚ್ಚಾದ ಸಾಕ್ಷಿಯೇ ಇದೆ. 1521ರಲ್ಲಿ, ಪೋಪನ ವಿರುದ್ಧ ಬಂಡೆದ್ದ ಜರ್ಮನಿಯ ಸನ್ಯಾಸಿ ಲೂಥರನ ವಿರುದ್ಧ ಮಹಾಪ್ರಭುಗಳು ಲ್ಯಾಟಿನ್‌ನಲ್ಲಿ ಒಂದು ಪುಸ್ತಕ ಬರೆದು ಪೋಪನ ಅಧಿಕಾರವನ್ನು ಎತ್ತಿಹಿಡಿದಿದ್ದರು. ಪೋಪ್ ಹತ್ತನೇ ಲಿಯೋ ಮೆಚ್ಚಿ 'ಧರ್ಮರಕ್ಷಕ' ಅನ್ನುವ ಬಿರುದು ಕೊಟ್ಟ. ಆ ಪುಸ್ತಕಕ್ಕೆ ಕೈಜೋಡಿಸಿದ್ದ ಥಾಮಸ್ ಮೋರ್, ಪೋಪನನ್ನು ಇಷ್ಟು ಹೊಗಳಬೇಡಿ, ನಾಳೆ ಜಗಳವಾದರೆ ಕಷ್ಟ ಅಂತ ಎಚ್ಚರಿಸಿದ್ದನಂತೆ. ಇದನ್ನು ಬರೆದಿಟ್ಟವನು ಮೋರ್‌ನ ಅಳಿಯ. ಮಹಾಪ್ರಭುಗಳು ಕೇಳಲಿಲ್ಲ. ನಾಳೆ ಬಂತು. ದೊರೆಯನ್ನು ಧರ್ಮದ್ರೋಹಿ ಅಂತ ಬಾಯಲ್ಲಿ ಆಡಿದರೂ ರಾಜದ್ರೋಹ ಅನ್ನುವ ಕಾನೂನೂ ಬಂತು. 1535ರ ಜುಲೈ 6ರಂದು ಮೋರ್‌ನ ತಲೆ ಹೋಯಿತು. ಅವನ ಅಪರಾಧ ಏನು? ದೊರೆಯ ಪುಸ್ತಕದಲ್ಲಿ ಇದ್ದದ್ದನ್ನು ಇನ್ನೂ ನಂಬಿದ್ದು. ಬಿರುದನ್ನು ಮಾತ್ರ ಮಹಾಪ್ರಭುಗಳು ಬಿಟ್ಟುಕೊಡಲಿಲ್ಲ. ರೋಮು ವಾಪಸ್ ತೆಗೆದುಕೊಂಡಾಗ ಪಾರ್ಲಿಮೆಂಟಿನಿಂದ ಮತ್ತೆ ಕೊಡಿಸಿಕೊಂಡರು. ಬ್ರಿಟನ್ನಿನ ನಾಣ್ಯಗಳ ಮೇಲೆ ಅದು ಇವತ್ತಿಗೂ F D ಅಂತ ಎರಡಕ್ಷರವಾಗಿ ಕೂತಿದೆ.

ಮದುವೆಗಳ ವಿಷಯದಲ್ಲೂ ಇದೇ ಕ್ರಮ. ವಿಚ್ಛೇದನ ಅನ್ನುವ ಮಾತೇ ಇಲ್ಲ. ಆರ್ಚ್‌ಬಿಷಪ್ ಕ್ರಾನ್ಮರ್ 1533ರ ಮೇನಲ್ಲಿ ಹೇಳಿದ್ದು, ಕ್ಯಾಥರೀನ್ ಜೊತೆ ಮದುವೆ ಆಗಿಯೇ ಇರಲಿಲ್ಲ ಅಂತ. ಆನ್ ರಾಣಿಯಾದಳು. ಗಂಡು ಹುಟ್ಟಿತು ಅಂತ ಮೊದಲೇ ಬರೆಸಿಟ್ಟಿದ್ದ ಪತ್ರಗಳಿಗೆ, ಎಲಿಜಬೆತ್ ಹುಟ್ಟಿದ ಮೇಲೆ ಒಂದು ಅಕ್ಷರ ಸೇರಿಸಿ ಹೆಣ್ಣು ಮಾಡಿ ಕಳಿಸಿದರು. ಮೂರು ವರ್ಷದ ನಂತರ ಆನ್ ಮೇಲೆ ವ್ಯಭಿಚಾರದ ಆರೋಪ. 1536ರ ಮೇ 17ರಂದು ಕ್ರಾನ್ಮರ್ ಸಾಹೇಬರು ಈ ಮದುವೆಯೂ ಆಗಿರಲಿಲ್ಲ ಅಂದರು. 19ರಂದು ಅವಳ ತಲೆ ತೆಗೆದರು. ಹೆಂಡತಿಯೇ ಅಲ್ಲದವಳು ಗಂಡನಿಗೆ ಮೋಸ ಮಾಡಿದ್ದು ಹೇಗೆ ಅಂತ ಕೇಳಬೇಕು ಅನಿಸುತ್ತದೆ ಅಲ್ವಾ? ಅಲ್ಲಿದ್ದವರಿಗೂ ಅನಿಸಿರಬಹುದು. ಕೇಳಿದವರು ಯಾರೂ ಕಾಣುವುದಿಲ್ಲ.

ಸತ್ತವರಿಗೂ ಬಿಡುವಿಲ್ಲ. ಸಂತ ಥಾಮಸ್ ಬೆಕೆಟ್ ಕ್ಯಾಂಟರ್‌ಬರಿಯಲ್ಲಿ ಕೊಲೆಯಾಗಿದ್ದು 1170ರಲ್ಲಿ. 1538ರಲ್ಲಿ ಅವನ ಗೋರಿಯ ಚಿನ್ನ, ರತ್ನಗಳೆಲ್ಲ ಖಜಾನೆಗೆ ಹೋದವು. ಅವನು ಸಂತನಲ್ಲ, ದೊರೆಗೆ ತಿರುಗಿಬಿದ್ದ ದ್ರೋಹಿ, ಪುಸ್ತಕಗಳಿಂದ ಹೆಸರು ಅಳಿಸಿ ಅಂತ ಫರ್ಮಾನು ಹೊರಟಿತು.

ಮಠಗಳ ಕಥೆಯಲ್ಲಿ ಕ್ರಾಮ್ವೆಲ್‌ನ ಕೈಚಳಕ ಪೂರ್ತಿ ಕಾಣುತ್ತದೆ. 1535ರಲ್ಲಿ ಎಲ್ಲ ಮಠಗಳ ಆಸ್ತಿಯ ಲೆಕ್ಕ ತೆಗೆಸಿದ. 1536ರಲ್ಲಿ ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯದ ಮಠಗಳಲ್ಲಿ ಪಾಪ ತುಂಬಿದೆ ಅಂತ ಕಾನೂನು ಬಂತು. ದೊಡ್ಡ ಮಠಗಳಲ್ಲಿ ಧರ್ಮ ಬಹಳ ಚೆನ್ನಾಗಿ ನಡೆಯುತ್ತಿದೆ, ದೇವರು ದೊಡ್ಡವನು ಅಂತ ಅದೇ ಕಾನೂನಿನ ಪೀಠಿಕೆಯಲ್ಲಿ ಹೊಗಳಿಕೆಯೂ ಇತ್ತು. ಪಾಪ ಆದಾಯ ನೋಡಿಕೊಂಡು ಬರುತ್ತದೆ ಅನ್ನುವುದು ಆಗ ಪತ್ತೆಯಾದ ಸಂಗತಿ. 1540ರ ಮಾರ್ಚ್ ಹೊತ್ತಿಗೆ ದೊಡ್ಡ ಮಠವೂ ಒಂದೇ ಒಂದು ಉಳಿಯಲಿಲ್ಲ. ಮುಚ್ಚಿಸಿದ್ದಲ್ಲ, ಅವರೇ ಮನಸಾರೆ ಬಿಟ್ಟುಕೊಟ್ಟಿದ್ದು ಅಂತ ದಾಖಲೆಗಳಲ್ಲಿದೆ. ಮನಸಾರೆ ಬಿಟ್ಟುಕೊಡದ ಗ್ಲಾಸ್ಟನ್‌ಬರಿಯ ಎಂಬತ್ತರ ಆಸುಪಾಸಿನ ಮಠಾಧಿಪತಿಯನ್ನು 1539ರಲ್ಲಿ ಊರ ಗುಡ್ಡದ ಮೇಲೆ ನೇಣಿಗೆ ಹಾಕಿದರು. ಚಾವಣಿಯ ಸೀಸ ಕರಗಿಸಿ ಮಾರಿದರು. ಭೂಮಿಯನ್ನು ಶ್ರೀಮಂತರು ಕೊಂಡರು. ಅಲ್ಲಿಂದ ಮುಂದೆ ಹಳೆಯ ಧರ್ಮ ವಾಪಸ್ ಬರಲಿ ಅನ್ನುವ ಆಸೆ ಅವರಿಗೂ ಕಡಿಮೆಯಾಯಿತು.

ಇಷ್ಟೆಲ್ಲ ಮಾಡಿದವನಿಗೆ ಎಡವಟ್ಟಾಗಿದ್ದು ಮದುವೆ ದಲ್ಲಾಳಿ ಕೆಲಸದಲ್ಲಿ. ಜರ್ಮನಿಯ ಕ್ಲೀವ್ಸ್‌ನಿಂದ ಆನ್ ಅನ್ನುವ ಹೆಣ್ಣನ್ನು ತರಿಸಿದ. ಚಿತ್ರಕಾರ ಹೋಲ್ಬೈನ್ ಬರೆದ ಚಿತ್ರ ಚೆನ್ನಾಗಿತ್ತು. ಹೆಣ್ಣು ಮಹಾಪ್ರಭುಗಳಿಗೆ ಹಿಡಿಸಲಿಲ್ಲ. 1540ರ ಏಪ್ರಿಲಿನಲ್ಲಿ ಕ್ರಾಮ್ವೆಲ್‌ಗೆ ಅರ್ಲ್ ಪದವಿ, ಜೂನ್‌ನಲ್ಲಿ ಸೆರೆಮನೆ. ವಿಚಾರಣೆ ಇಲ್ಲದೆ ಪಾರ್ಲಿಮೆಂಟಿನ ಮಸೂದೆಯಿಂದಲೇ ಮರಣದಂಡನೆ ಕೊಡುವ ದಾರಿಯನ್ನು ಅವನೇ ಬೇರೆಯವರ ಮೇಲೆ ಪ್ರಯೋಗಿಸಿದ್ದ. ಅದೇ ದಾರಿಯಲ್ಲಿ ಅವನನ್ನೂ ಕಳಿಸಿದರು. 'ದಯೆ, ದಯೆ, ದಯೆ' ಅಂತ ದೊರೆಗೆ ಕಾಗದ ಬರೆದ. ಜುಲೈ 28ರಂದು ಅವನ ತಲೆ ಬಿತ್ತು. ಅದೇ ದಿನ ಮಹಾಪ್ರಭುಗಳಿಗೆ ಕ್ಯಾಥರೀನ್ ಹೋವರ್ಡ್ ಜೊತೆ ಮದುವೆ. 1539ರ ಇಂಗ್ಲಿಷ್ ಬೈಬಲಿನ ಮೊದಲ ಪುಟದಲ್ಲಿ ದೊರೆ ಬೈಬಲ್ ಹಂಚುವ ಚಿತ್ರವಿತ್ತು, ಪಕ್ಕದಲ್ಲಿ ಕ್ರಾಮ್ವೆಲ್‌ನ ಲಾಂಛನ. ಮುಂದಿನ ಮುದ್ರಣಗಳಲ್ಲಿ ಲಾಂಛನದ ಜಾಗದಲ್ಲಿ ಖಾಲಿ ವೃತ್ತ. 1543ರಲ್ಲಿ ಕೂಲಿಯವರು, ಕಸುಬುದಾರರು, ಸಾಮಾನ್ಯ ಮನೆತನದ ಹೆಂಗಸರು ಆ ಬೈಬಲ್ ಓದಕೂಡದು ಅಂತಲೂ ಕಾನೂನು ಬಂತು.

ಹಾಗಾದರೆ ಪ್ರಜೆ ಏನನ್ನು ನಂಬಬೇಕಿತ್ತು? ಅದಕ್ಕೆ ಉತ್ತರ 1540ರ ಜುಲೈ 30ರಂದು ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಸಿಕ್ಕಿತು. ಲೂಥರನ ಕಡೆಯ ಮೂವರನ್ನು ಧರ್ಮದ್ರೋಹಕ್ಕಾಗಿ ಸುಟ್ಟರು. ಪೋಪನ ಕಡೆಯ ಮೂವರನ್ನು ರಾಜದ್ರೋಹಕ್ಕಾಗಿ ನೇಣಿಗೆ ಹಾಕಿದರು. ಆ ಕಡೆಯವನೊಬ್ಬ, ಈ ಕಡೆಯವನೊಬ್ಬ, ಹೀಗೆ ಜೋಡಿ ಮಾಡಿ ಕಟ್ಟಿ ಎಳೆತಂದಿದ್ದರು. ಪಕ್ಷಪಾತ ಅಂತ ಯಾರೂ ದೂರುವ ಹಾಗಿರಲಿಲ್ಲ.

ಕ್ರಾಮ್ವೆಲ್‌ನ ತಲೆ ಬಿದ್ದ ಏಳು ತಿಂಗಳ ನಂತರ ಮಹಾಪ್ರಭುಗಳು ಸಿಟ್ಟಾಗಿ, ಸುಳ್ಳು ಹೇಳಿ ನನ್ನ ಅತ್ಯಂತ ನಿಷ್ಠಾವಂತ ಸೇವಕನನ್ನು ಕೊಲ್ಲಿಸಿದಿರಿ ಅಂತ ಮಂತ್ರಿಗಳ ಮೇಲೆ ಹರಿಹಾಯ್ದರು ಎಂದು ಫ್ರಾನ್ಸಿನ ರಾಯಭಾರಿ ವರದಿ ಮಾಡಿದ್ದಾನೆ. ಕೊಂದವರು ಅವರು, ಸಹಿ ಮಾತ್ರ ಇವರದು.

1547ರ ಜನವರಿ 28ರಂದು ಮಹಾಪ್ರಭುಗಳೂ ತೀರಿಕೊಂಡರು. ತಮ್ಮ ಆತ್ಮಕ್ಕಾಗಿ ವಿಂಡ್ಸರ್‌ನಲ್ಲಿ ಪಾದ್ರಿಗಳು ದಿನಾ ಬಲಿಪೂಜೆ ಮಾಡಬೇಕು, ಅದೂ ಲೋಕ ಇರುವವರೆಗೆ, ಅಂತ ಉಯಿಲಿನಲ್ಲಿ ಬರೆಸಿ ಹಣಕಾಸಿನ ಏರ್ಪಾಡೂ ಮಾಡಿದ್ದರು. ಸತ್ತವರ ಆತ್ಮಕ್ಕೆ ಪೂಜೆ ಮಾಡಿಸುವುದು ಮೂಢನಂಬಿಕೆ ಅಂತ ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಮೂರನೇ ಹೆಂಡತಿಯ ಮಗ, ಹೊಸ ದೊರೆ ಎಡ್ವರ್ಡನ ಪಾರ್ಲಿಮೆಂಟು ಕಾನೂನು ಪಾಸು ಮಾಡಿತು.